ಉಳಿದುಹೋದ ಸ್ಕ್ರೂ

ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ಮುಚ್ಚಳ ಹಾಕಿ, ಕೈ ಒರೆಸಿಕೊಂಡು ತಮ್ಮ ಎದ್ದು ನಿಂತಾಗ ಮೇಜಿನ ಮೇಲೆ ಒಂದು ಸ್ಕ್ರೂ ಉಳಿದಿತ್ತು.

"ಅಯ್ಯೋ, ಇದೆಲ್ಲಿಂದ ಬಂತು?" ಎಂದು ಅವನು ತಲೆ ಕೆರೆದುಕೊಂಡ. ದಿನಕ್ಕೆ ಹತ್ತು ಕಂಪ್ಯೂಟರ್ ಬಿಚ್ಚಿ ಜೋಡಿಸುವ ರಿಪೇರಿ ಅಂಗಡಿಯವನು ಅವನು. ಹಳೆಯ ಗ್ರಾಫಿಕ್ಸ್ ಕಾರ್ಡ್ ಕಿತ್ತು, ಇಟ್ಟಿಗೆಯಷ್ಟು ಭಾರದ ಹೊಸದನ್ನು ಟಕ್ಕೆಂದು ಕೂರಿಸಿ, ವೈರು ಸಿಕ್ಕಿಸಿ, ಇಪ್ಪತ್ತು ನಿಮಿಷದಲ್ಲಿ ಜಾಗ ಖಾಲಿ ಮಾಡಬೇಕೆಂದೇ ಬಂದಿದ್ದ. ಭಾವನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತಲ್ಲ!

"ಇನ್ನೇನ್ ಮಾಡ್ತೀಯ, ಮತ್ತೆ ಬಿಚ್ಚು" ಎಂದಳು ಅಕ್ಕ, ಏನೂ ಅರಿಯದ ಮಗುವಿನ ಮುಖ ಮಾಡಿಕೊಂಡು. ಸ್ಕ್ರೂ ಅವಳ ಹೊಲಿಗೆ ಯಂತ್ರದ್ದು. ಅಂಥದೇ ಇನ್ನೊಂದು ಅವಳ ಮುಷ್ಟಿಯಲ್ಲಿತ್ತು.

ಮತ್ತೇನು ಮಾಡಬೇಕಿತ್ತು ಪಾಪ ಅವಳು? ಭಾವ ಫೋಟೋಗ್ರಾಫರ್. ಎರಡು ವರ್ಷದ ಹಿಂದೆ ತಮ್ಮ ಇದೇ ಕಂಪ್ಯೂಟರನ್ನು ಸರಿಮಾಡುವಾಗ ಡಿಸ್ಕನ್ನು ಪೂರ್ತಿ ಅಳಿಸಿಬಿಟ್ಟಿದ್ದ. ಭಾವ ಆರು ವರ್ಷ ಕಾದು ಕಾದು ತೆಗೆದಿದ್ದ ಹಕ್ಕಿಗಳ ಚಿತ್ರಗಳೆಲ್ಲ ಅದರೊಂದಿಗೇ ಹೋದವು. ಕೇಳಿಯೇ ಅಳಿಸಿದೆ ಎಂದು ತಮ್ಮ, ಕೇಳಲೇ ಇಲ್ಲ ಎಂದು ಭಾವ. ಅಂದಿನಿಂದ ಒಬ್ಬ ಈ ಮನೆಯ ಹೊಸಿಲು ತುಳಿಯಲಿಲ್ಲ, ಇನ್ನೊಬ್ಬ ಅವನ ಹೆಸರೆತ್ತಲಿಲ್ಲ. ಮಧ್ಯೆ ಸಿಕ್ಕಿ ಒದ್ದಾಡಿದವಳು ಅಕ್ಕ. ಹೊಸ ಕಾರ್ಡು ಒಂದು ವಾರ ಡಬ್ಬಿಯಲ್ಲೇ ಕೂತಿದ್ದನ್ನು ನೋಡಿ, ಗಂಡನಿಗೆ ಹೇಳದೆ ತಮ್ಮನಿಗೆ ಫೋನ್ ಮಾಡಿದ್ದಳು. ಇವತ್ತೂ ಇವರು ಮಾತಾಡದಿದ್ದರೆ ಇನ್ನು ಯಾವತ್ತೂ ಆಡುವುದಿಲ್ಲ ಎಂಬ ಭಯ ಅವಳಿಗಿತ್ತು.

"ಅಕ್ಕಾ, ಒಳಗೆ ಕತ್ತಲು. ಟಾರ್ಚ್ ಹಿಡ್ಕೊಳ್ಳೋಕೆ ಹೇಳು ಅವರಿಗೆ."

"ಟಾರ್ಚ್ ಅಲ್ಲೇ ಇದೆ ಅಂತ ಹೇಳು ನಿನ್ನ ತಮ್ಮನಿಗೆ" ಎಂದ ಭಾವ, ಮೂಲೆಯ ಕುರ್ಚಿಯಲ್ಲಿ ಕೂತೇ ಕನ್ನಡಕ ಮೇಲೇರಿಸುತ್ತ.

"ನಾನೇನು ನಿಮ್ಮಿಬ್ಬರ ಅಂಚೆಯವಳಾ? ಒಲೆ ಮೇಲೆ ಹಾಲಿದೆ" ಎಂದು ಅವಳು ಅಡುಗೆಮನೆಗೆ ನಡೆದೇಬಿಟ್ಟಳು. ಹಾಲೂ ಇರಲಿಲ್ಲ, ಒಲೆಯೂ ಹೊತ್ತಿರಲಿಲ್ಲ. ಬಾಗಿಲ ಸಂದಿಯಿಂದ ಇಣುಕಿದರೆ, ಭಾವ ಟಾರ್ಚ್ ಹಿಡಿದು ಬಗ್ಗಿದ್ದ. ಎರಡು ತಲೆಗಳು ಡಿಕ್ಕಿ ಹೊಡೆದವು. "ಸ್ವಲ್ಪ ಎಡಕ್ಕೆ" ಎಂದ ತಮ್ಮ, ಕಂಪ್ಯೂಟರಿಗೆ ಹೇಳುವವನಂತೆ. ಬೆಳಕು ಎಡಕ್ಕೆ ಹೋಯಿತು. ಮಾತೆಂದರೆ ಅಷ್ಟೇ. ಸ್ಕ್ರೂವನ್ನು ಹಿಂದಿನ ಯಾವುದೋ ಖಾಲಿ ತೂತಿಗೆ ತುರುಕಿ ಮುಚ್ಚಳ ಹಾಕಿದರು. ಅಕ್ಕ ಮೇಜು ಒರೆಸುವ ನೆಪದಲ್ಲಿ ಬಂದು ಹೋದಳು.

ಎರಡನೆಯ ಸ್ಕ್ರೂ ಕಂಡಾಗ ತಮ್ಮ ಅದನ್ನೆತ್ತಿ ಮೂಸಿದ. ಹೊಲಿಗೆ ಯಂತ್ರದ ಎಣ್ಣೆಯ ವಾಸನೆ. ಅಡುಗೆಮನೆಯ ಕಡೆ ಒಮ್ಮೆ ನೋಡಿ, ಮತ್ತೆ ಮುಚ್ಚಳ ಬಿಚ್ಚತೊಡಗಿದ. ಭಾವನಿಗೆ ತಡೆಯಲಾಗಲಿಲ್ಲ.

"ಅಂಗಡಿ ಹೇಗೆ ನಡೆಸ್ತೀಯೋ ಮಾರಾಯ? ಅವತ್ತು ಇರೋದನ್ನೆಲ್ಲ ಅಳಿಸಿದೆ, ಇವತ್ತು ಹಾಕೋದನ್ನ ಉಳಿಸ್ತಿದೀಯ!"

"ಕೇಳಿ ಅಳಿಸಿದ್ದು ಭಾವ! ಫೋನಲ್ಲಿ ಮೂರು ಸಲ ಕೇಳಿದೆ. ಮೂರು ಸಲಾನೂ ಹೂಂ ಅಂದ್ರಿ."

"ಅದು ನಿನಗಲ್ಲ ಕಣೋ! ಸ್ಟುಡಿಯೋದಲ್ಲಿ ಒಬ್ಬರು ಅಜ್ಜಿ ಫೋಟೋಗೆ ಕೂತಿದ್ರು. ಹಲ್ಲಿನ ಸೆಟ್ ಹಾಕ್ಕೊಳ್ಳಲಾ ಅಂತ ಕೇಳ್ತಾ ಇದ್ರು."

ತಮ್ಮನ ಕೈ ನಿಂತಿತು. "ಮೂರು ಸಲಾನೂ?"

"ಮೂರು ಸಲ ಹಾಕ್ಕೊಂಡ್ರು, ಮೂರು ಸಲ ತೆಗೆದ್ರು."

ತಮ್ಮನಿಗೆ ನಗು ಉಕ್ಕಿತು. ತಡೆಯಲು ಹೋಗಿ ಮೂಗಿನಲ್ಲಿ ಬಂತು. ಅದನ್ನು ನೋಡಿ ಭಾವನೂ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ನಕ್ಕು ಸುಸ್ತಾದ ಮೇಲೆ, "ಆ ಮಿಂಚುಳ್ಳಿ ಹಕ್ಕಿ ಫೋಟೋ ಒಂದು ಉಳಿದಿದ್ರೆ ಸಾಕಿತ್ತು ಕಣೋ" ಎಂದ. "ತಪ್ಪಾಯ್ತು ಭಾವ" ಎಂದ ತಮ್ಮ. ಅಡುಗೆಮನೆಯಲ್ಲಿ ಅಕ್ಕ ಅಂಗೈಯಿಂದ ಕಣ್ಣೊರೆಸಿಕೊಂಡಳು. ಎಷ್ಟು ಹಗುರವಾಯಿತು ಜೀವ!

ಕಂಪ್ಯೂಟರ್ ಚಾಲೂ ಆಯಿತು. ಹೊಸ ಕಾರ್ಡಿನ ಫ್ಯಾನು ತಿರುಗಿತು, ಪರದೆ ಬೆಳಗಿತು. ತಮ್ಮ ಚೀಲ ಹೆಗಲಿಗೇರಿಸಿದ. "ಬರ್ತೀನಿ ಅಕ್ಕಾ, ಗಿರಾಕಿಗಳು ಕಾಯ್ತಿರ್ತಾರೆ." ಇಷ್ಟು ಬೇಗ ಹೊರಟೇಬಿಟ್ಟನಲ್ಲ ಎಂದು ಅವಳಿಗೆ ಸಂಕಟವಾಯಿತು. ಆದರೆ ಮುಷ್ಟಿ ಖಾಲಿಯಾಗಿತ್ತು. ಅವನು ಆಗಲೇ ಬಾಗಿಲ ಬಳಿ ಚಪ್ಪಲಿಗೆ ಕಾಲು ತೂರಿಸುತ್ತಿದ್ದ.

"ನಿಲ್ಲೋ, ನಿಲ್ಲೋ!" ಒಳಗಿನಿಂದ ಭಾವ ಕೂಗಿದ. "ಇಲ್ಲಿ ಇನ್ನೊಂದು ಉಳಿದಿದೆ!"

ಅಕ್ಕ ಬೆಚ್ಚಿದಳು. ಅವಳು ಇಟ್ಟದ್ದು ಎರಡೇ. ತಮ್ಮ ಬಂದು ನೋಡಿದ. ಮೇಜಿನ ಮೇಲೆ ಎಳ್ಳುಕಾಳಿನಷ್ಟು ಚಿಕ್ಕ ಸ್ಕ್ರೂ. ಅದನ್ನು ಬೆರಳ ತುದಿಗೆ ಅಂಟಿಸಿಕೊಂಡು ನೋಡಿದ, ಭಾವನ ಮುಖವನ್ನೂ ನೋಡಿದ. ಚೀಲ ಮೆಲ್ಲಗೆ ಕೆಳಗಿಳಿಯಿತು.

"ಹೌದು ಭಾವ, ಇದು ತುಂಬಾ ಮುಖ್ಯವಾದ ಸ್ಕ್ರೂ. ಸಂಜೆವರೆಗೂ ಕೆಲಸ ಹಿಡಿಯತ್ತೆ. ಅಕ್ಕಾ, ಊಟಕ್ಕೆ ನನಗೂ ಒಂದು ತಟ್ಟೆ ಇಡು."

ಅಕ್ಕ ಗಂಡನ ಕಡೆ ತಿರುಗಿದಳು. ಒಂದೇ ಕಡ್ಡಿ ಉಳಿದಿದ್ದ ಕನ್ನಡಕವನ್ನು ಬೆರಳಿನಿಂದ ಮೂಗಿಗೆ ಒತ್ತಿ ಹಿಡಿದುಕೊಂಡು, ಅವನು ಬಹಳ ಗಂಭೀರವಾಗಿ ಕಂಪ್ಯೂಟರಿನೊಳಗೆ ಆ ಸ್ಕ್ರೂವಿನ ಜಾಗ ಹುಡುಕುತ್ತಿದ್ದ.