ನಲವತ್ತನೇ ಸ್ಲೈಡ್

ಅಭಿನಯಕ್ಕೆಂದು ಒಂದು ಕಾಲ್ಪನಿಕ ಮಗುವನ್ನು ಕೊಡಿ ಎಂದು ತರಬೇತುದಾರ ಕೇಳಿದ. ಶಾಲೆಯ ನರ್ಸ್ ಹಿಂದೆಮುಂದೆ ನೋಡದೆ, ತನ್ನ ಶಾಲೆಯ ಎರಡನೇ ತರಗತಿಯ ಹುಡುಗಿಯನ್ನೇ ಕೊಟ್ಟುಬಿಟ್ಟಳು.

"ಏಳು ವರ್ಷ. ಬಲಗೈ ಮೇಲೆ ಸುಟ್ಟ ಗಾಯ, ತಿಂಗಳಲ್ಲಿ ಎರಡನೇ ಸಲ. ಮೊದಲನೇ ಪಿರಿಯಡ್ಡಲ್ಲೇ ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆ. ಕೇಳಿದ್ರೆ ಬಿಸಿನೀರು ಚೆಲ್ತು ಅಂತಾಳೆ."

"ತುಂಬಾ ನೈಜವಾಗಿದೆ," ಎಂದು ತರಬೇತುದಾರ ಮೆಚ್ಚಿಕೊಂಡ. "ಆದ್ರೆ ನಿಜವಾದ ಮಗುವಿನ ವಿಷಯ ಇಲ್ಲಿ ಯಾರೂ ಬಾಯಿಬಿಡೋ ಹಾಗಿಲ್ಲ. ಗೌಪ್ಯತೆ, ನೆನಪಿರಲಿ."

ಮಕ್ಕಳ ಕ್ಷೇಮ ನೋಡಬೇಕಾದವರು ತಮ್ಮತಮ್ಮಲ್ಲಿ ನಾಲ್ಕು ಮಾತಾಡಿಕೊಳ್ಳಲಿ ಎಂದು ಯಾರೋ ಪುಣ್ಯಾತ್ಮರು ಅನುದಾನ ಕೊಟ್ಟಿದ್ದರು. ಅದರಲ್ಲಿ ಈ ತಣ್ಣನೆಯ ಕೋಣೆ ಬಂದಿತ್ತು, ತಲೆಗೊಂದು ಬ್ಯಾಗು ಬಂದಿತ್ತು, ಬ್ಯಾಗಿನೊಳಗೆ ಬರೆಯದ ಪೆನ್ನು ಬಂದಿತ್ತು. ಇವರು ಇಲ್ಲಿ ಕೂತಿರುವಷ್ಟು ಹೊತ್ತು ಅಲ್ಲಿ ಅವರ ಕೆಲಸ ನೋಡಿಕೊಳ್ಳಲು ಬದಲಿ ಜನವೂ ಬಂದಿದ್ದರು. ಹನ್ನೆರಡು ವರ್ಷದ ನೌಕರಿಯಲ್ಲಿ ನರ್ಸ್ ಪೊಲೀಸರ ಪಕ್ಕ ಕೂತದ್ದು ಇದೇ ಮೊದಲು. ಈ ಹುಡುಗಿಯ ಬಗ್ಗೆ ಅವಳು ಎರಡು ಪತ್ರ ಬರೆದಿದ್ದಳು. ಒಂದಕ್ಕೆ 'ಸಂಬಂಧಪಟ್ಟವರಿಗೆ ಕಳುಹಿಸಲಾಗಿದೆ' ಎಂಬ ಉತ್ತರ ಬಂದಿತ್ತು; ಇನ್ನೊಂದು ಆ ಸಂಬಂಧಪಟ್ಟವರನ್ನು ಇನ್ನೂ ಹುಡುಕುತ್ತಿತ್ತು. ಇದೆಲ್ಲ ಹುಡುಗಿಯ ಅಪ್ಪನದೇ ಕೆಲಸ ಎಂದು ತೀರ್ಮಾನಿಸಿದ ನರ್ಸ್, ಮನಸ್ಸಿನಲ್ಲೇ ಅವನನ್ನು ಜೈಲಿಗೂ ಹಾಕಿಬಿಟ್ಟಿದ್ದಳು.

ಎದುರಿಗೆ ಕೂತಿದ್ದವಳು ಮನೆಮನೆಗೆ ಹೋಗಿ ಕೂಸುಗಳ ತೂಕ ನೋಡುವ ಆರೋಗ್ಯ ಕಾರ್ಯಕರ್ತೆ. ಅವಳು ಬಿಸ್ಕತ್ತು ಕೆಳಗಿಟ್ಟಳು.

"ಸಿಸ್ಟರ್, ಈ ಕಾಲ್ಪನಿಕ ಹುಡುಗಿಗೆ ಒಬ್ಬ ಕಾಲ್ಪನಿಕ ತಮ್ಮ ಇದ್ದಾನಾ? ಐದು ತಿಂಗಳ ಕೂಸು?"

"ಇರಬಹುದು. ಯಾಕೆ?"

"ಎರಡು ಸಲ ಹೋದೆ. ತೂಕ ಏರ್ತಾನೇ ಇಲ್ಲ. ಎರಡು ಸಲನೂ ಕೈ ಸುಟ್ಟ ಹುಡುಗೀನೇ ಬಾಗಿಲು ತೆಗೆದ್ಲು. ಅಮ್ಮ ಅಂಗಡಿಗೆ ಹೋಗಿದ್ದಾಳೆ ಅಂದ್ಲು." ತರಬೇತುದಾರನ ಕಡೆ ನೋಡಿ, "ಎಲ್ಲಾ ಕಲ್ಪನೇಲಿ, ಸರ್," ಎಂದು ಸೇರಿಸಿದಳು.

ಅಷ್ಟು ಹೊತ್ತೂ ಬ್ಯಾಗಿನ ಜಿಪ್ಪಿನ ಜೊತೆ ಗುದ್ದಾಡುತ್ತಿದ್ದ ಮಹಿಳಾ ಕಾನ್‌ಸ್ಟೇಬಲ್ ತಲೆ ಎತ್ತಿದಳು. "ಆಟದ ಮೈದಾನದ ಎದುರು, ಮೂರನೇ ಮಹಡೀನಾ? ಲಿಫ್ಟ್ ಕೆಟ್ಟಿರೋದು?"

"ಕಾಲ್ಪನಿಕ ಲಿಫ್ಟು. ಯಾವಾಗ್ಲೂ ಕೆಟ್ಟಿರುತ್ತೆ."

"ಕೂಸು ಒಂದೇ ಸಮ ಅಳ್ತಿದೆ ಅಂತ ಪಕ್ಕದ ಮನೆಯವರು ಫೋನ್ ಮಾಡಿದ್ರು. ಹೋದೆ. ಅಮ್ಮ ಸ್ನಾನ ಮಾಡ್ತಿದ್ದಾಳೆ ಅಂದ್ಲು. ಇಷ್ಟೇ ಇಷ್ಟು ಹುಡುಗಿ ಅಷ್ಟು ನಯವಾಗಿ ಹೇಳಿದ್ರೆ ನಂಬದೆ ಏನ್ ಮಾಡೋದು? ಬಂದ್ಬಿಟ್ಟೆ. ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ."

ಮಂಗಳವಾರ ಆ ಹುಡುಗಿ ಶಾಲೆಗೇ ಬಂದಿರಲಿಲ್ಲ. ನರ್ಸ್ ಕುರ್ಚಿ ಮುಂದಕ್ಕೆಳೆದು ಕೇಳಿದಳು: "ನಿಮ್ಮಲ್ಲಿ ಯಾರಾದ್ರೂ ಆ ಅಮ್ಮನ್ನ ಕಣ್ಣಾರೆ ನೋಡಿದ್ದೀರಾ?"

ಯಾರೂ ನೋಡಿರಲಿಲ್ಲ. ಆ ಮೇಜಿನ ಸುತ್ತ ಈಗ ಕಾಲ್ಪನಿಕವಾಗಿ ಉಳಿದವಳು ಅಮ್ಮ ಒಬ್ಬಳೇ.

ತರಬೇತುದಾರನ ಕಣ್ಣಲ್ಲಿ ನೀರಾಡಿತು. "ಇಂಥ ಅಭಿನಯ ನಾನು ಯಾವ ಶಿಬಿರದಲ್ಲೂ ನೋಡಿಲ್ಲ."

"ಅಭಿನಯ ಅಲ್ಲ ಸರ್," ಎಂದಳು ನರ್ಸ್.

ಅವನು ಮೂವರನ್ನೂ ಒಮ್ಮೆ ನೋಡಿ, ಬಾಟಲಿಯ ನೀರನ್ನೆಲ್ಲ ಕುಡಿದು, ತಪ್ಪೊಪ್ಪಿಕೊಳ್ಳುವವನ ದನಿಯಲ್ಲಿ ಹೇಳಿದ: "ಮಗುವಿಗೆ ಅಪಾಯ ಇದ್ರೆ ಹೇಳಬಹುದು. ಹೇಳಲೇಬೇಕು. ಆದ್ರೆ ಅದು ನಲವತ್ತನೇ ಸ್ಲೈಡು. ನಾವಿನ್ನೂ ಹನ್ನೊಂದರಲ್ಲಿದ್ದೀವಿ."

"ಹಾರಿಸಿ ಸರ್."

ಪಾಪ, ಹಾರಿಸುವುದು ಅವನಿಗೆ ಗೊತ್ತಿರಲಿಲ್ಲ. ಒಂದೊಂದಾಗಿ ಗುಂಡಿ ಒತ್ತುತ್ತಾ ಹೋದ. ಗೋಡೆಯ ಮೇಲೆ ನಗುವ ಮಕ್ಕಳು ಒಬ್ಬರ ಹಿಂದೊಬ್ಬರು ಓಡಿದರು. ಅವನು ನಲವತ್ತು ಮುಟ್ಟುವ ಹೊತ್ತಿಗೆ ಮೂರು ಕುರ್ಚಿ ಖಾಲಿಯಾಗಿದ್ದವು.

ಮೂರನೇ ಮಹಡಿ ಹತ್ತುವಷ್ಟರಲ್ಲಿ ಕಾನ್‌ಸ್ಟೇಬಲ್‌ಗೆ ಏದುಸಿರು. ಬಾಗಿಲು ತೆರೆದವಳು ಇವತ್ತೂ ಶಾಲೆಗೆ ಹೋಗದಿದ್ದ ಹುಡುಗಿಯೇ. ಸೊಂಟದ ಮೇಲೆ ತಮ್ಮ ಜಾರುತ್ತಿದ್ದ. ಅವಳು ನರ್ಸನ್ನು ನೋಡಿದಳು, ತೂಕದವಳನ್ನು ನೋಡಿದಳು, ಪೊಲೀಸಿನವಳನ್ನು ನೋಡಿದಳು. ಒಬ್ಬೊಬ್ಬರಿಗೂ ಬೇರೆಬೇರೆ ಸುಳ್ಳು ಹೇಳಿದ್ದವಳು, ಮೂವರಿಗೂ ಒಟ್ಟಿಗೆ ಹೊಂದುವ ಒಂದು ಸುಳ್ಳಿಗಾಗಿ ಸ್ವಲ್ಪ ಹೊತ್ತು ಹುಡುಕಿದಳು. ಸಿಗಲಿಲ್ಲ.

"ಅಮ್ಮ ಏಳಲ್ಲ," ಎಂದಳು.

ಒಳಗೆ ಒಲೆಯ ಮುಂದೆ ಒಂದು ಸ್ಟೂಲು, ಸ್ಟೂಲಿನ ಸುತ್ತ ಚೆಲ್ಲಿ ಒಣಗಿದ ಹಾಲು. ಕೋಣೆಯಲ್ಲಿ ತಾಯಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು, ಕಣ್ಣು ತೆರೆದೇ ಇತ್ತು. ಹೆರಿಗೆಯಾದಾಗಿನಿಂದ ಹೀಗೇ ಅಂತೆ. ಅಪ್ಪ ದೂರದೂರಿಗೆ ಲಾರಿ ಓಡಿಸುತ್ತಾನೆ. ಬಂದ ದಿನ ಹೆಂಡತಿಗೆ ಸುಸ್ತು ಎಂದುಕೊಂಡು, ಮೂರು ದಿನಕ್ಕಾಗುವಷ್ಟು ಅನ್ನ ಮಾಡಿಟ್ಟು ಹೋಗುತ್ತಾನೆ. ನರ್ಸ್ ಅವನನ್ನು ಸದ್ದಿಲ್ಲದೆ ಜೈಲಿನಿಂದ ಬಿಟ್ಟಳು. ಹಾಸಿಗೆಯ ಅಂಚಿಗೆ ಕೂತು ತಾಯಿಯ ಕೈ ಹಿಡಿದುಕೊಂಡಳು. ಅವಳು ಕೈ ಕಿತ್ತುಕೊಳ್ಳಲಿಲ್ಲ. "ಎದ್ದು ಮಾಡ್ಬೇಕು ಅಂದ್ಕೋತೀನಿ ಸಿಸ್ಟರ್," ಎಂದಳು, "ಆಗಲ್ಲ."

"ಇದು ಕಾಯಿಲೆ ಕಣಮ್ಮಾ. ಔಷಧಿ ಇದೆ."

ಕಾನ್‌ಸ್ಟೇಬಲ್ ಹೊರಗೆ ನಿಂತು ಆಂಬ್ಯುಲೆನ್ಸಿಗೂ ಲಾರಿಯವನಿಗೂ ಫೋನ್ ಮಾಡಿ ಬಂದಳು. ಹುಡುಗಿ ಮಾತ್ರ ತಮ್ಮನನ್ನು ಯಾರಿಗೂ ಕೊಡದೆ ಬಾಗಿಲಿಗೆ ಆತುಕೊಂಡಿದ್ದಳು.

"ಅಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀರಾ?"

"ಡಾಕ್ಟರ ಹತ್ರ. ಪಕ್ಕದಲ್ಲೇ ನಾನಿರ್ತೀನಿ. ಸಂಜೆಗೆ ಅಪ್ಪ ಬರ್ತಾರೆ," ಎಂದಳು ನರ್ಸ್.

"ಪಾಪು ಹತ್ರ ಯಾರಿರ್ತಾರೆ?"

ತರಗತಿಯಲ್ಲಿ ಕೂತವರಂತೆ ಉಳಿದಿಬ್ಬರೂ ಕೈ ಎತ್ತಿದರು.

ಹುಡುಗಿ ಇಬ್ಬರನ್ನೂ ಅಳೆದು ನೋಡಿ, ತಮ್ಮನನ್ನು ತೂಕದವಳ ತೋಳಿಗೆ ಹಾಕಿದಳು. ತಲೆ ಹೇಗೆ ಹಿಡಿಯಬೇಕೆಂದು ತೋರಿಸಿಕೊಟ್ಟಳು. ಆಮೇಲೆ, ಬೇಡ ಅಂದರೂ ಪರವಾಗಿಲ್ಲ ಎಂಬ ದನಿಯಲ್ಲಿ ಕೇಳಿದಳು:

"ಹಾಗಾದ್ರೆ ನಾನು ಆಡೋಕೆ ಹೋಗ್ಲಾ?"