ಅಮ್ಮ ಮಗುಚಿಟ್ಟ ಒಲೆ

ರಾವ್ನಾ ಪಾಚಿಯ ಮೇಲೆ ಬಲಮಗ್ಗುಲಾಗಿ ಮಲಗಿಬಿಟ್ಟಾಗ ಅವಳ ತಂಗಿಯ ಮಗಳು ಸುನ್ನಾ ಗಾಬರಿಯಿಂದ ಓಡಿಬಂದಳು. ಎಪ್ಪತ್ತೆಂಟರ ಜೀವ, ಬೆಳಗಿನಿಂದ ಗುಡ್ಡ ಹತ್ತಿ ಇಳಿದಿತ್ತು. ಆದರೆ ಮುದುಕಿಯ ಕಣ್ಣು ತೆರೆದೇ ಇತ್ತು, ಕಣಿವೆಯಾಚೆಯ ಬೆಟ್ಟಗಳ ಮೇಲೆ ನೆಟ್ಟಿತ್ತು.

"ಏನಾಯ್ತು ದೊಡ್ಡಮ್ಮ?"

"ಏನೂ ಆಗಿಲ್ಲ. ನೀನು ಅಡ್ಡ ನಿಂತ್ಕೋಬೇಡ, ಬೆಟ್ಟ ಕಾಣಲ್ಲ. ಈ ಜಾಗ ನಂಗೆ ಗೊತ್ತಿರೋದು ಮಲಗಿದ ಎತ್ತರದಿಂದ. ನಿಂತು ನೋಡಿದ್ರೆ ಯಾವುದೋ ಪರದೇಶ."

ಅವರು ಹುಡುಕಲು ಬಂದು ಅದು ಮೂರನೆಯ ದಿನ. ಆ ಕಣಿವೆಯಲ್ಲಿ ತಾಮ್ರದ ಗಣಿ ತೆರೆಯುವುದಿತ್ತು. ನಮ್ಮ ಹಿಮಸಾರಂಗಗಳು ಮರಿ ಹಾಕುವ ಜಾಗ ಇದು, ತಲೆತಲಾಂತರದಿಂದ ಇಲ್ಲಿ ಗುಡಾರ ಹಾಕಿದವರು ನಾವು ಎಂದು ಆ ಉತ್ತರದ ಹಿಮನಾಡಿನ ಮೂಲನಿವಾಸಿಗಳಾದ ಸಾಮಿ ಜನ ಎಷ್ಟು ಹೇಳಿದರೂ ದೇಶದ ನ್ಯಾಯಾಲಯಗಳು ಒಪ್ಪಿರಲಿಲ್ಲ. ಇಲ್ಲಿ ಜನ ಬಿಡಾರ ಹೂಡಿದ್ದರೆನ್ನಲು ಒಂದೂ ಕುರುಹಿಲ್ಲ ಎಂದು ಕೊನೆಯ ತೀರ್ಪು ಹೇಳಿತ್ತು. ಇನ್ನು ಉಳಿದದ್ದು ಜಿನೀವಾ, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ. ಅಲ್ಲಿಗೆ ಅರ್ಜಿ ಬರೆಯುತ್ತಿದ್ದ ವಕೀಲೆ ಸುನ್ನಾಳೇ. ಒಂದೇ ಒಂದು ಹಳೆಯ ಒಲೆ ಸಿಕ್ಕರೂ ಸಾಕಿತ್ತು. ಅದಕ್ಕೆಂದೇ ಪ್ರಾಕ್ತನಶಾಸ್ತ್ರ ಬಲ್ಲ ಹೋಕನ್ ಎಂಬವನನ್ನು ಕರೆತಂದಿದ್ದಳು. ಪಾಪ, ಅವನು ಮೂರು ದಿನದಿಂದ ಸೊಳ್ಳೆ ಹೊಡೆದುಕೊಳ್ಳುತ್ತ ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಚುಚ್ಚಿ ಚುಚ್ಚಿ ನೋಡುತ್ತಿದ್ದ. ತುದಿಗೆ ಬರೀ ಮಣ್ಣು.

ಸಿಗುವುದಾದರೂ ಹೇಗೆ ಎಂದಳು ರಾವ್ನಾ. ಅವಳ ಅಮ್ಮ ಬಿಡಾರ ಎತ್ತುವ ದಿನ ಅಂದರೆ ಹಬ್ಬದ ಹಿಂದಿನ ದಿನದ ಹಾಗೆ. ನೆಲಕ್ಕೆ ಹಾಸಿದ ಬರ್ಚ್ ಮರದ ಚಿಗುರುಕಡ್ಡಿಗಳನ್ನೆಲ್ಲ ಆಯಿಸುತ್ತಿದ್ದಳು. ಬೂದಿಯನ್ನು ಹೂತು ಮೇಲೆ ಪಾಚಿ ಹೊದಿಸುತ್ತಿದ್ದಳು. ಮಲಗಿ ಮಲಗಿ ಒರಗಿಹೋದ ಹುಲ್ಲನ್ನು ಬೆರಳಿನಿಂದ ಬಾಚಿ ನಿಲ್ಲಿಸುವುದು ಮಕ್ಕಳ ಕೆಲಸ. ಒಮ್ಮೆ ಎಲ್ಲರೂ ಹೊರಟು ಹೊಳೆ ದಾಟಿದ ಮೇಲೆ ಅಮ್ಮನಿಗೆ ಏನೋ ನೆನಪಾಗಿ, ಚಮಚ ಕೆತ್ತುವಾಗ ಬಿದ್ದ ಒಂದೇ ಒಂದು ಮರದ ಸುರುಳಿಗಾಗಿ ರಾವ್ನಾಳನ್ನು ವಾಪಸ್ಸು ಕಳಿಸಿದ್ದಳು. ನಾವು ಹೋದ ಮೇಲೆ ನೆಲ ನಿದ್ದೆ ಮಾಡಬೇಕು, ಅದಕ್ಕೆ ಏನೂ ಚುಚ್ಚಬಾರದು ಎನ್ನುತ್ತಿದ್ದಳಂತೆ. ಮರುವರ್ಷವೇ ರಾವ್ನಾಳನ್ನು ದೂರದ ಹಾಸ್ಟೆಲ್ ಶಾಲೆಗೆ ಹಾಕಿದರು. ಆಮೇಲೆ ಅಮ್ಮನ ಜೊತೆ ಈ ಕಣಿವೆಗೆ ಬಂದದ್ದೇ ಇಲ್ಲ.

"ಗುಡಿಸಿದ ಮನೆ ನೋಡಿ ಇಲ್ಲಿ ಯಾರೂ ಇರ್ಲೇ ಇಲ್ಲ ಅಂತಾರಲ್ಲ ನಿಮ್ಮ ಕೋರ್ಟಿನವರು," ಎಂದಳು ಮಲಗಿದಲ್ಲಿಂದಲೇ. "ಅವರ ಮನೇಲಿ ಯಾರೂ ಕಸ ಹೊಡೆಯಲ್ಲ ಅಂತ ಕಾಣುತ್ತೆ."

ಎದ್ದು ನಾಲ್ಕು ಹೆಜ್ಜೆ ಎಡಕ್ಕೆ ಹೋಗಿ ಮತ್ತೆ ಮಲಗಿದಳು. ಇಲ್ಲ. ಇನ್ನೆರಡು ಹೆಜ್ಜೆ ಮೇಲಕ್ಕೆ. ಚಿಕ್ಕಂದಿನಲ್ಲಿ ಗುಡಾರದ ಬಾಗಿಲ ಪಕ್ಕದ ತನ್ನ ಹಾಸಿಗೆಯಿಂದ ನೋಡಿದರೆ ಆಚೆಯ ಚಿಕ್ಕ ಬೆಟ್ಟ ದೊಡ್ಡ ಬೆಟ್ಟದ ಹೊಟ್ಟೆಗೆ ಮೂತಿ ತಾಗಿಸಿ ಹಾಲು ಕುಡಿಯುತ್ತಿರುವ ಮರಿಯಂತೆ ಕಾಣುತ್ತಿತ್ತು ಎಂದು ವಿವರಿಸಿದಳು. ಈಗ ನಡುವೆ ಒಂದು ಬೆರಳಿನಷ್ಟು ಆಕಾಶ ಕಾಣುತ್ತಿತ್ತು. ಅವಳು ಅಂಗುಲ ಅಂಗುಲವಾಗಿ ಸರಿದಳು. ಸ್ಕರ್ಟೆಲ್ಲ ಒದ್ದೆಯಾಯಿತು. ಸುನ್ನಾ ಸಾಕು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಮುದುಕಿ ಸರಿಯುವುದನ್ನು ನಿಲ್ಲಿಸಿದಳು.

"ಕುಡೀತಾ ಇದೆ," ಎಂದಳು ಮೆಲ್ಲಗೆ.

ಆಮೇಲೆ ಕಣ್ಣು ಮುಚ್ಚಿ ಎಡಗೈ ಚಾಚಿದಳು. ಇಲ್ಲಿಯವರೆಗೂ ಕೈ ಬಂದರೆ ಅಮ್ಮ ಪಟ್ಟೆಂದು ಹೊಡೆಯುತ್ತಿದ್ದಳು, ಬೆಂಕಿ ಅಲ್ಲೇ ಎಂದಳು. ಹೋಕನ್ ಅವಳ ಬೆರಳ ತುದಿಯಾಚೆ ಸಲಾಕೆ ಇಳಿಸಿ ಎತ್ತಿದ. ತುದಿಯಲ್ಲಿ ಇದ್ದಿಲು.

ಕಂಬಳಿ ಸರಿಸಿದ ಹಾಗೆ ಪಾಚಿಯನ್ನು ಬಿಡಿಸಿದಾಗ ಅಡಿಯಲ್ಲಿ ಕಲ್ಲುಗಳು ಸಿಕ್ಕವು. ಬೂದು ಬಣ್ಣದ, ಶುಭ್ರವಾದ, ಹೊಳೆದಂಡೆಯಲ್ಲಿ ಎಲ್ಲಿ ಬೇಕಾದರೂ ಸಿಗುವಂಥ ಕಲ್ಲುಗಳು. ಸುನ್ನಾಳ ಮುಖ ಇಳಿಯಿತು.

"ಮಗುಚಿ ನೋಡೇ," ಎಂದಳು ರಾವ್ನಾ. "ಮಸಿ ಮೇಲಿಟ್ಟು ಹೋಗೋಳಲ್ಲ ನಮ್ಮಮ್ಮ."

ಹೋಕನ್ ಒಂದೊಂದಾಗಿ ಮಗುಚಿದ. ಒಂಬತ್ತೂ ಕಲ್ಲುಗಳ ಅಡಿಮೈ ಕಪ್ಪು. ಕೊನೆಯದಾಗಿ ಅವನ್ನು ಮುಟ್ಟಿದ್ದು ಯಾರ ಕೈಯೆಂದು ಅಲ್ಲಿ ಯಾರೂ ಹೇಳಬೇಕಾಗಿರಲಿಲ್ಲ. ರಾವ್ನಾ ತೋರುಬೆರಳಿಗೆ ಮಸಿ ತಾಗಿಸಿಕೊಂಡು ಮೂಸಿದಳು. ಎಪ್ಪತ್ತು ವರ್ಷ ನೆಲದಲ್ಲಿದ್ದ ಮಸಿಗೆ ಏನು ವಾಸನೆ ಉಳಿದಿರುತ್ತದೋ, ಅವಳು ಬಹಳ ಹೊತ್ತು ಆ ಬೆರಳನ್ನು ಮೂಗಿನಿಂದ ಇಳಿಸಲಿಲ್ಲ.

ಅಳತೆ, ಚಿತ್ರ, ನಕ್ಷೆ ಎಲ್ಲ ಮುಗಿದ ಮೇಲೆ ಹೊರಟರು. ಮೂವತ್ತು ಹೆಜ್ಜೆ ಹೋಗಿ ಸುನ್ನಾ ತಿರುಗಿ ನೋಡಿದರೆ ದೊಡ್ಡಮ್ಮ ಹಿಂದಿಲ್ಲ. ಅವಳು ಒಲೆಯ ಬಳಿ ಮಂಡಿಯೂರಿ ಮೊದಲ ಕಲ್ಲನ್ನು ಆಗಲೇ ಎತ್ತಿದ್ದಳು.

"ಬೇಡ ದೊಡ್ಡಮ್ಮ," ಎಂದಳು ಸುನ್ನಾ, ಹತ್ತಿರ ಬಂದು ಭುಜ ಹಿಡಿದು. "ಮುಂದಿನ ವಾರ ಬೇರೆಯವರೂ ಬಂದು ನೋಡ್ಬೇಕು. ಹೀಗೇ ಇರ್ಬೇಕು."

"ಹೀಗೇನಾ? ಎಲ್ಲಾ ಹರಡ್ಕೊಂಡು?"

"ಹೀಗೇ."

ಮುದುಕಿ ಕಲ್ಲನ್ನು ಮಸಿ ಮೇಲಾಗಿಯೇ ಇಟ್ಟಳು. ದಾರಿಯುದ್ದಕ್ಕೂ ತನ್ನ ಭಾಷೆಯಲ್ಲಿ ಏನೋ ಗೊಣಗುತ್ತಲೇ ನಡೆದಳು. ತನ್ನಿಂದ ಏನಾದರೂ ತಪ್ಪಾಯಿತೇ ಎಂದು ಹೋಕನ್ ಸಂಕೋಚದಿಂದ ಸುನ್ನಾಳನ್ನು ಕೇಳಿದ.

"ನಿಮ್ಗಲ್ಲ," ಎಂದಳು ಸುನ್ನಾ. "ಅವರಮ್ಮನಿಗೆ ಹೇಳ್ತಿದಾರೆ. ಒಲೆ ಹಾಗೇ ಬಿಟ್ಟು ಬಂದಿದೀನಿ, ಇದೊಂದ್ ಸಲ ವಾಪಸ್ ಕಳಿಸ್ಬೇಡ ಅಂತ."