ನೇಣುಕಟ್ಟೆಯಲ್ಲಿ ವರಪರೀಕ್ಷೆ

ದಪ್ಪ ಮೀಸೆಯವರನ್ನು ಮಾತ್ರ ನೇಣಿಗೇರಿಸುವ ಹಾಗಿರಲಿಲ್ಲ. ಅವರು ಮಾವನಾಗಬೇಕಾದವರು.

ಗೈಡ್‌ಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಬೆಳಿಗ್ಗೆ ಅವನು ಮೆಚ್ಚಿದ ಹುಡುಗಿ ಫೋನಿನಲ್ಲಿ ಪಿಸುಗುಟ್ಟಿದ್ದಳು: "ನಮ್ಮನೆಯಿಂದ ಒಬ್ಬರು ಗುಟ್ಟಾಗಿ ನಿನ್ನ ಗುಂಪಲ್ಲಿ ಬರ್ತಾರೆ. ಅವರು ಹೂಂ ಅಂದ್ರೆ ಮದುವೆ, ಉಹೂಂ ಅಂದ್ರೆ ನಿನ್ನ ದಾರಿ ನಿನಗೆ. ಯಾರು ಅಂತ ಹೇಳಲ್ಲ, ಮಾತು ಕೊಟ್ಟಿದ್ದೀನಿ. ನಿನ್ನ ಕೋತಿಚೇಷ್ಟೆ ಸ್ವಲ್ಪ ಕಡಿಮೆ ಮಾಡು."

ಹಳೆಯ ನೇಣುಕಟ್ಟೆಯ ಮುಂದೆ ಸೇರಿದ್ದ ಪ್ರವಾಸಿಗರಲ್ಲಿ ಮಾವನ ಕಳೆ ಇದ್ದದ್ದು ಒಬ್ಬರಿಗೇ. ಮರದ ನೆರಳಲ್ಲಿ ಹುಬ್ಬು ಗಂಟಿಕ್ಕಿ ನಿಂತು, ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದರು.

ಗೈಡ್ ನಾಲಿಗೆಗೆ ಲಗಾಮು ಹಾಕಿದ. ನ್ಯಾಯಾಧೀಶನ ಗೊರಕೆಯಿಂದ ಹಿಡಿದು ಹಗ್ಗದ ಕಿರುಗುಟ್ಟುವಿಕೆಯವರೆಗೆ ಎಲ್ಲವನ್ನೂ ಬಾಯಲ್ಲೇ ಮಾಡಿ ತೋರಿಸುವವನು ಇಂದು ಮೇಷ್ಟರಂತೆ ಗಂಟಲು ಸರಿಪಡಿಸಿಕೊಂಡ.

"ಒಂದು ಕಾಲದಲ್ಲಿ ಊರೆಲ್ಲ ಇಲ್ಲಿ ನೆರೀತಿತ್ತು. ಮುಂದಿನ ಸಾಲಿಗಾಗಿ ಹೊಡೆದಾಡಿದವನಿಗೆ ಮುಂದಿನ ವಾರ ಕಟ್ಟೆ ಮೇಲೇ ಜಾಗ ಸಿಕ್ಕಿದ್ದೂ ಉಂಟು."

"ತಪ್ಪಿಸ್ಕೊಂಡೋರು ಯಾರಾದ್ರೂ ಇದ್ದಾರೇನ್ರೀ?" ಮೀಸೆಯವರು ಕೇಳಿದರು.

ಗೈಡ್ ಬೆವರಿದ. "ನನಗಂತೂ ಆ ಉದ್ದೇಶ ಇಲ್ಲ ಸಾರ್."

"ಈ ಹಗ್ಗ ಎಂದಾದ್ರೂ ಒಗೀತೀರಾ?" ಎಂದು ನಡುವೆ ಬಾಯಿ ಹಾಕಿದವರು ಕೈಚೀಲದ ಹೆಂಗಸು. ಬಂದಾಗಿನಿಂದಲೂ ಇವರದು ಇದೇ ಕಾಟ.

ಇನ್ನು ಉಳಿದದ್ದು ಕಟ್ಟೆಯ ಹಳೇ ಪದ್ಧತಿ. ಕೊರಳಿಗೆ ಹಗ್ಗ ಬಿದ್ದವರು ಕೊನೆಯ ಮಾತು ಆಡಬಹುದು; ಅವರಾಗಿ 'ಮುಗೀತು' ಅನ್ನುವವರೆಗೆ ಯಾರೂ ತಡೆಯುವಂತಿಲ್ಲ. ದಿನವೂ ನೋಡಲು ಬಂದವರಲ್ಲೇ ಒಬ್ಬರನ್ನು ಹತ್ತಿಸಿ ಇದನ್ನು ಆಡಿಸುವುದು ಗೈಡ್‌ನ ರೂಢಿ. ಮೀಸೆಗೆ ಕೈಮುಗಿದು, ಕೈಚೀಲದಾಕೆಯನ್ನೇ ಮೇಲಕ್ಕೆ ಕರೆದು ಹಗ್ಗವನ್ನು ಸಡಿಲವಾಗಿ ಕೊರಳಿಗೆ ಹಾಕಿದ.

"ಕೊನೇ ಮಾತು ಏನಮ್ಮಾ?"

"ಒಂದಾ ಎರಡಾ!" ಆಕೆ ಚೀಲ ಕೆಳಗಿಟ್ಟು ಸೆರಗು ಬಿಗಿದರು.

ಮಾತು ಮಂಡಿನೋವಿನಿಂದ ಹೊರಟು, ಸೋರುವ ನಲ್ಲಿಯನ್ನು ಹಾದು, ಓರಗಿತ್ತಿಯ ಕೊಂಕಿಗೆ ತಿರುಗಿ, ಹೆಂಡತಿ ಬಾಯಿ ತೆರೆದ ಕೂಡಲೇ ಟೀವಿ ಸದ್ದು ಏರಿಸುವ ಗಂಡನ ಬಳಿ ಬೀಡುಬಿಟ್ಟಿತು. ಜನ ಒಬ್ಬೊಬ್ಬರೇ ಕರಗಿದರು. ಮೀಸೆಯವರು ಕೆಮ್ಮಿದರು.

"ಸಾಕು ಮಾಡ್ಸಪ್ಪಾ, ನೀನು ಹೇಳ್ತಿದ್ದ ಕಟ್ಟೆ ಕತೆ ಮುಗ್ಸು!"

ಗೈಡ್‌ಗೆ ಕಟ್ಟೆಯೇ ಕುಸಿದಂತಾಯಿತು. ಇತ್ತ ಮಾವ, ಅತ್ತ ಪದ್ಧತಿ. ಆಕೆಯ ಮುಖ ನೋಡಿದ. ಮಾತು ಅರ್ಧಕ್ಕೇ ನಿಂತಿತ್ತು. ಅಭ್ಯಾಸವಾದವರಂತೆ ಚೀಲಕ್ಕೆ ಕೈ ಚಾಚಿದ್ದರು.

"ಕ್ಷಮಿಸಿ ಸಾರ್," ಅಂದ, "ಅಮ್ಮ ಇನ್ನೂ ಮುಗೀತು ಅಂದಿಲ್ಲ. ಹೇಳೀಮ್ಮಾ, ಟೀವಿ ಸದ್ದು ಏರಿಸಿದ್ರು, ಆಮೇಲೆ?"

ಬಸ್ಸಿನ ಹಾರ್ನ್ ಕೇಳಿದ್ದೇ ತಡ, ಮೀಸೆಯವರು ತಿರುಗಿಯೂ ನೋಡದೆ ಓಡಿಹೋಗಿ ಹತ್ತಿಕೊಂಡರು. ತನ್ನ ಮದುವೆಯೇ ಬಸ್ಸು ಹತ್ತಿ ಹೋದಂತೆ ಗೈಡ್ ನಿಂತ. ಆದರೂ ಕೊನೆಯವರೆಗೆ ಹೂಂಗುಟ್ಟಿದ.

"ಮುಗೀತು," ಅಂದರು ಆಕೆ, ಕಣ್ಣೊರೆಸಿಕೊಂಡು.

"ನಂದೂ," ಎಂದು ಗೊಣಗಿ ಗೈಡ್ ಹಗ್ಗ ತೆಗೆದ.

ಆಕೆ ಕಟ್ಟೆಯ ಮೇಲೇ ನಿಂತು ಚೀಲದಿಂದ ಫೋನ್ ತೆಗೆದು ಕಿವಿಗಿಟ್ಟರು.

"ಹಲೋ ಮಗಳೇ, ನಿಮ್ಮಪ್ಪನಿಗೆ ಟೀವಿ ಆರಿಸೋಕೆ ಹೇಳು, ಹುಡುಗ ನಂಗೆ ಒಪ್ಪಿಗೆ: ನನ್ನ ಮಾತು ಪೂರ್ತಿ ಕೇಳಿದ ಗಂಡಸು ಈ ಜನ್ಮದಲ್ಲಿ ಇವನೊಬ್ಬನೇ ಕಣೇ, ಅದಕ್ಕೂ ನಾನು ನೇಣಿಗೇರಬೇಕಾಯ್ತು!"